ಎರಡೂವರೆಯ ಧಾರಾವಾಹಿ

ಮಿಲ್ಲಿನ ಎರಡರ ಭೋಂಗಾ ಊದಿದಾಗ ಮೌನೇಶ ಎಚ್ಚರವಾಗಿಯೇ ಇದ್ದ. ಮುಖದ ಮೇಲೆ ಚಾದರ ಎಳೆದುಕೊಂಡು, ಗೋಡೆಯ ಕಡೆ ತಿರುಗಿ, ನಿದ್ದೆ ಹೋದವನ ಉಸಿರನ್ನು ಎಳೆದು ಬಿಡುತ್ತ ಮಲಗಿದ್ದ. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗುವುದು ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಯಾರೂ ತಿರುಗಿ ನೋಡದ ಸಂಗತಿ. ಆದರೂ ತಾನು ಮಲಗಿರುವ ರೀತಿಯಲ್ಲೇ ಏನೋ ತಪ್ಪಿದೆ, ನಿಜವಾಗಿ ನಿದ್ದೆ ಹೋದವರ ಕಾಲು ಹೀಗೆ ಒಂದರ ಮೇಲೊಂದು ಇರುವುದಿಲ್ಲ ಅನ್ನಿಸಿ ಕಾಲು ಬಿಡಿಸಿದ. ಬಿಡಿಸಿದ ಮೇಲೆ, ನಿದ್ದೆಯಲ್ಲಿದ್ದವನು ಹೀಗೆ ಯೋಚನೆ ಮಾಡಿ ಕಾಲು ಬಿಡಿಸುತ್ತಾನೆಯೇ ಎಂಬ ಇನ್ನೊಂದು ಅನುಮಾನ. ಮನೆಯಲ್ಲಿ ಇದ್ದದ್ದು ಹೆಂಡತಿ ನಿರ್ಮಲಾ ಒಬ್ಬಳೇ. ಅವಳು ಪರದೆಯ ಆಚೆ, ಟಿ.ವಿ. ಮುಂದೆ ಚಾಪೆ ಹಾಸುತ್ತಿದ್ದಳು. ಪರದೆ ಎಂದರೆ ಅವಳದೇ ಒಂದು ಹಳೆಯ ಸೀರೆ. ಇದ್ದೊಂದು ಖೋಲಿಯನ್ನು ಎರಡು ಮಾಡಲೆಂದು ಲಗ್ನವಾದ ಹೊಸದರಲ್ಲಿ ದಾರಕ್ಕೆ ಹಾಕಿದ್ದು, ಆಮೇಲೆ ಯಾರೂ ತೆಗೆದಿರಲಿಲ್ಲ. ಸೀರೆಯ ಅಂಚು ನೆಲಕ್ಕಿಂತ ಒಂದು ಗೇಣು ಮೇಲಿತ್ತು. ತಿರುಗಿ ಮಲಗಿದರೆ ಆ ಸಂದಿಯಲ್ಲಿ ಹೆಂಗಸರ ಪಾದಗಳು ಕಾಣುತ್ತಿದ್ದವು. ಟಿ.ವಿ. ಕಾಣುತ್ತಿರಲಿಲ್ಲ.

ಇವತ್ತು ಶುಕ್ರವಾರ. ಇವತ್ತು ಸುಹಾಸ ತನ್ನ ತಾಯಿಗೆ ಹೇಳುತ್ತಾನೆ.

ಸುಹಾಸ ಎಂಬುವವನು ಎರಡೂವರೆಯ ಧಾರಾವಾಹಿಯೊಳಗಿನ ದೊಡ್ಡ ಮನೆಯ ಎರಡನೆಯ ಮಗ. ಆ ಧಾರಾವಾಹಿಗೆ ಏನೋ ಒಂದು ಹೆಸರಿತ್ತು, ಆದರೆ ಕ್ವಾರ್ಟರ್ಸಿನ ಹೆಂಗಸರು ಅದನ್ನು ಎರಡೂವರಿದು ಎಂದೇ ಕರೆಯುತ್ತಿದ್ದರು, ಬಸ್ಸಿಗೆ ಅಂದ ಹಾಗೆ. ಮೌನೇಶ ಅದನ್ನು ಒಂದು ದಿನವೂ ನೋಡಿರಲಿಲ್ಲ. ಮೊದಲ ಪಾಳಿಯ ವಾರ ಎರಡಕ್ಕೆ ಬಿಟ್ಟರೂ ಹೆಂಗಸರ ನಡುವೆ ಬಂದು ಕೂಡುವಂತಿರಲಿಲ್ಲ. ಮೂರು ವಾರಕ್ಕೊಮ್ಮೆ ರಾತ್ರಿ ಪಾಳಿ ಬಂದಾಗ, ಹೀಗೆ ಚಾದರದೊಳಗೆ ಬಿದ್ದುಕೊಂಡು ಕೇಳಿದ್ದಷ್ಟೇ. ಮೊದಮೊದಲು ಸುಹಾಸ ಬಂದನೆಂದರೆ ಹಿನ್ನೆಲೆಯಲ್ಲಿ ಒಂದು ನಗೆಯ ಬಾಜಾ ಮೊಳಗುತ್ತಿತ್ತು, ಬಾತುಕೋಳಿ ಓಡಿದಂಥ ಶಬ್ದ. ಅದು ಕೇಳಿದ ಕೂಡಲೆ ಚಾಪೆಯ ಮೇಲಿನವರು ನಗುತ್ತಿದ್ದರು. ಅವನಿನ್ನೂ ಬಾಯಿ ತೆರೆದಿರುತ್ತಿರಲಿಲ್ಲ. ಸೊಸೆಯಂದಿರ ಸೀರೆಗೆ ಹೊಂದುವ ಬಳೆ ಆರಿಸಿ ಕೊಡುವುದೋ, ಅತ್ತಿಗೆಯ ಅಡುಗೆಗೆ ಹೆಸರಿಡುವುದೋ, ಅಂಥ ಕೆಲಸಕ್ಕೇ ಅವನನ್ನು ಕರೆಸುತ್ತಿದ್ದರು. ಆ ಬಾಜಾ ಕೇಳಿದಾಗಲೆಲ್ಲ ಮೌನೇಶ ಚಾದರವನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಳ್ಳುತ್ತಿದ್ದ. ಆಮೇಲೆ ಒಂದು ಪಾಳಿಯ ವಾರ, ಬಾಜಾ ಬರಲೇ ಇಲ್ಲ. ಅದರ ಬದಲು ಒಂದು ಕೊಳಲು. ಕೊಳಲಿನ ನಡುವೆ ಸುಹಾಸ ಗೆಳೆಯನೊಬ್ಬನ ಹತ್ತಿರ, ನನಗೆ ರಾತ್ರಿ ನಿದ್ದೆ ಬರೋದಿಲ್ಲ ಕಣೋ ಎಂದ. ಅಷ್ಟೇ ಅಂದದ್ದು. ಚಾಪೆಯ ಮೇಲೆ ಯಾರೂ ನಗಲಿಲ್ಲ. ಎಲ್ಲಿ ನಗಬೇಕೆಂದು ಬಾಜಾ ಹೇಳಿಕೊಡದೆ ಹೋದದ್ದಕ್ಕೆ ಅವರಿಗೂ ದಿಕ್ಕು ತಪ್ಪಿದ ಹಾಗಾಗಿರಬೇಕು. ಯಾರು ಬದಲಿಸಿದರು, ಬೆಂಗಳೂರಿನ ಯಾವ ಖೋಲಿಯಲ್ಲಿ ಕೂತ ಯಾರಿಗೆ ಇವನ ಮೇಲೆ ಕರುಣೆ ಬಂತು, ಮೌನೇಶನಿಗೆ ತಿಳಿಯಲಿಲ್ಲ. ಚಾದರದೊಳಗೆ ಕಣ್ಣಲ್ಲಿ ನೀರು ಬಂದು ಕಿವಿಯೊಳಗೆ ಇಳಿದದ್ದು ಮಾತ್ರ ನೆನಪಿದೆ.

ಟಿ.ವಿ.ಯ ದನಿ ಯಾವಾಗಲೂ ದೊಡ್ಡದಾಗಿಯೇ ಇರುತ್ತಿತ್ತು. ಅದಕ್ಕೆ ಮಾಲವ್ವ ಕಾರಣ. ಬದಿಯ ಮನೆಯ ಮುದುಕಿ ಮಾಲವ್ವನಿಗೆ ಕಿವಿ ಮಂದ, ದನಿ ಏರಿಸದಿದ್ದರೆ ಅವಳಿಗೆ ಏನೂ ಕೇಳಿಸುವುದಿಲ್ಲ ಎಂದು ನಿರ್ಮಲಾ ಮೊದಲೇ ಹೇಳಿದ್ದಳು. ನಿಮ್ಮ ನಿದ್ದಿ ಕೆಡತೈತೇನೋ ಎಂದು ಕೇಳಿದ್ದಳು. ಏನಿಲ್ಲ, ನಾ ಹೆಣ ಬಿದ್ದಂಗ ಬಿದ್ದಿರತೇನಿ ಎಂದು ಇವನು ಅಂದಿದ್ದ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಹೇಳಿಯಾದ ಮೇಲೆ ನಾಲಿಗೆಯ ಮೇಲೆ ಸಿಹಿ ಉಳಿದ ಹಾಗೆ ಅನ್ನಿಸಿತ್ತು. ಸುಳ್ಳಿನ ರುಚಿ ಇವನಿಗೆ ಹಿಂದಿನಿಂದಲೂ ಗೊತ್ತು. ಆದರೆ ಕಳೆದ ವಾರ ಹೇಳಿದ ಸುಳ್ಳಿಗೆ ಮಾತ್ರ ಆ ಸಿಹಿ ಇರಲಿಲ್ಲ.

ಈ ವಾರ ಅವನದು ಎರಡನೆಯ ಪಾಳಿ ಇರಬೇಕಿತ್ತು. ಎರಡಕ್ಕೆ ಒಳಗೆ ಹೋದರೆ ಹೊರಗೆ ಬರುವುದು ರಾತ್ರಿ ಹತ್ತಕ್ಕೆ. ಆದರೆ ಕಳೆದ ವಾರ, ಮೊದಲ ಪಾಳಿ ಮುಗಿಸಿ ಬಂದು ಸಂಜೆ ಚಹಾ ಕುಡಿಯುವಾಗ, ಜಾಹೀರಾತುಗಳ ನಡುವೆ ಒಂದು ಗಡಸು ದನಿ ಕೇಳಿತ್ತು: ಬರುವ ವಾರದ ಶುಕ್ರವಾರ ಸುಹಾಸ ತನ್ನ ತಾಯಿಯ ಮುಂದೆ ಮನಸ್ಸು ಬಿಚ್ಚುತ್ತಾನೆ. ಮೌನೇಶ ಟಿ.ವಿ. ಕಡೆ ನೋಡದೆ ಬಸಿಯೊಳಗಿನ ಚಹಾವನ್ನೇ ನೋಡುತ್ತ ಕೂತ. ನೋಡಿದ್ದರೆ ಆ ಮುಖ ಕಾಣುತ್ತಿತ್ತು, ನಿರ್ಮಲಾ ಎದುರಿಗೇ ಇದ್ದಳು, ಆ ಮುಖವನ್ನು ತಾನು ನೋಡುವುದನ್ನು ಅವಳು ನೋಡುತ್ತಿದ್ದಳು. ಮರುದಿನ ಫಿನಿಶಿಂಗ್ ವಿಭಾಗದಲ್ಲಿ, ಕತ್ತರಿಸಿ ಬಂದ ಹಾಳೆಗಳಲ್ಲಿ ಕಲೆ ಬಿದ್ದದ್ದನ್ನು ಆರಿಸಿ ಹೊರಗೆ ಹಾಕುತ್ತ, ಎರಡನೇ ಪಾಳಿಗೆ ಅದೇ ಕೆಲಸಕ್ಕೆ ಆಗಷ್ಟೇ ಬಂದ ಜೈರಾಮನನ್ನು ಕೇಳಿದ, ಬರುವ ವಾರ ನಿನ್ನ ರಾತ್ರಿ ಪಾಳಿ ನನಗ ಕೊಡತೀಯೇನು, ನನ್ನ ಎರಡನೇದು ನೀ ತಗೋ. ಜೈರಾಮ ಹಳಿಯಾಳದ ಕಡೆಯ ಒಂದು ಸಣ್ಣ ಹಳ್ಳಿಯವನು, ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆ ಹೂಂ ಅನ್ನುವವನು. ಆದರೆ ಪಾಳಿ ಬದಲಾಗಬೇಕಾದರೆ ಸುಪರ್‌ವೈಜರ್ ಕರಿಬಸಪ್ಪನ ಒಪ್ಪಿಗೆ ಬೇಕು, ಕರಿಬಸಪ್ಪನಿಗೆ ಕಾರಣ ಬೇಕು.

"ಎಲ್ಲಾರೂ ರಾತ್ರಿ ಪಾಳಿ ತಪ್ಪಿಸಾಕ ದೇವರಿಗೆ ಹರಕಿ ಹೊರ್ತಾರ. ನೀ ಬೇಡಿ ತಗೊಳ್ಳಾಕತ್ತಿ," ಎಂದ ಕರಿಬಸಪ್ಪ. ಸುತ್ತಲಿನವರು ಕೇಳಲೆಂದೇ ದನಿ ಎತ್ತರಿಸಿದ್ದ. "ಏನೋ ಮೌನೇಶಾ, ಹಗಲಿ ಮನ್ಯಾಗ ಅಂಥಾದ್ದೇನೈತಿ?"

ಎಲ್ಲರೂ ನಕ್ಕರು. ನಕ್ಕಿದ್ದು ಗಂಡಹೆಂಡತಿಯ ವಿಷಯಕ್ಕೆ, ಸಾಧಾರಣ ನಗೆ, ಅದರಲ್ಲಿ ವಿಷವಿರಲಿಲ್ಲ. ಆದರೆ ಮೌನೇಶನ ಕಿವಿಗೆ ಆ ನಗೆಯ ಅಡಿಯಲ್ಲಿ ಬಾತುಕೋಳಿಯ ಬಾಜಾ ಕೇಳಿಸಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟ: ನಿರ್ಮಲಾಗ ಹೊಟ್ಟಿ ನೋವರಿ, ಹಗಲಿ ಒಬ್ಬಾಕಿನ ಬಿಡಾಕ ಆಗವಲ್ದು. ನಗೆ ತಟ್ಟನೆ ನಿಂತಿತು. ಕರಿಬಸಪ್ಪ ಪಾಪ ಮುಖ ಸಣ್ಣದು ಮಾಡಿಕೊಂಡು ಬರೆದುಕೊಂಡ. ಜೈರಾಮ ಬಂದು ಹೆಗಲ ಮೇಲೆ ಕೈಯಿಟ್ಟು, ಮೊದಲ ಹೇಳಬಾರದೇನೋ ಎಂದ. ಆ ಕೈ ಹೆಗಲ ಮೇಲೆ ಇದ್ದಷ್ಟು ಹೊತ್ತೂ ಮೌನೇಶನಿಗೆ, ಈ ಕೈಯನ್ನು ತಾನು ಯಾವ ಸುಳ್ಳಿನಿಂದ ಗಳಿಸಿದೆ ಎಂಬುದಕ್ಕಿಂತ ಹೆಚ್ಚಾಗಿ, ಅದು ಬೆಚ್ಚಗಿದೆ ಎಂಬುದೇ ನಾಚಿಕೆಯಾಯಿತು.

ಲಗ್ನಕ್ಕೆ ಮೊದಲು, ಸಂಜೆಯ ಪೀಯುಸಿ ತರಗತಿಯ ಜೊತೆಗಾರ ತುಳಸಿರಾಮನ ಕೈಯೂ ಬೆಚ್ಚಗಿರುತ್ತಿತ್ತು. ಬಿದಿರಿನ ಯಾರ್ಡಿನಲ್ಲಿ ಹಗಲೆಲ್ಲ ಬೊಂಬು ಎತ್ತಿ ಇಟ್ಟು, ಅಂಗೈಯೆಲ್ಲ ಸಿಬುರು ಚುಚ್ಚಿಸಿಕೊಂಡು ಸಂಜೆ ತರಗತಿಗೆ ಬರುತ್ತಿದ್ದ. ಇಬ್ಬರದೂ ಒಂದೇ ಸೈಕಲ್ಲು. ಪೀಯುಸಿ ಕಟ್ಟಿ ಪಾಸಾದರೆ ಮಿಲ್ಲಿನಲ್ಲಿ ಕಾರಕೂನಿಕೆ ಸಿಗುತ್ತದೆಂದು ಯಾರೋ ಹೇಳಿದ್ದರು. ಮೌನೇಶ ತುಳಿಯುತ್ತಿದ್ದ, ತುಳಸಿರಾಮ ಹಿಂದೆ ಕೂತು ಇತಿಹಾಸದ ಪ್ರಶ್ನೆಗಳಿಗೆ ಉತ್ತರ ಒಪ್ಪಿಸುತ್ತಿದ್ದ, ಜೋಯಿಡಾದ ಕೊಂಕಣಿ ಮಿಶ್ರವಾದ ಕನ್ನಡದಲ್ಲಿ. ಇಳಿಜಾರಿನಲ್ಲಿ ಬೀಳಬಾರದೆಂದು ಸೊಂಟ ಹಿಡಿದುಕೊಳ್ಳುತ್ತಿದ್ದ. ಇಳಿಜಾರು ಮುಗಿದ ಮೇಲೂ ಕೈ ಅಲ್ಲೇ ಇರುತ್ತಿತ್ತು. ಮೌನೇಶ ಏನೂ ಅನ್ನುತ್ತಿರಲಿಲ್ಲ, ಇಳಿಜಾರು ಮುಗಿಯದಿರಲಿ ಎಂದು ಮಾತ್ರ ಅಂದುಕೊಳ್ಳುತ್ತಿದ್ದ. ಒಂದು ರವಿವಾರ ಮೌಳಂಗಿಯ ಹತ್ತಿರ ಹೊಳೆಯ ಬಂಡೆಯ ಮೇಲೆ ಕೂತಾಗ, ನನಗ ನಿನ್ನ ಬಿಟ್ಟರ ಯಾರೂ ಬ್ಯಾಡ ನೋಡು ಎಂದು ತುಳಸಿರಾಮ ಹೇಳಿದ. ನೀರನ್ನು ನೋಡುತ್ತ ಹೇಳಿದ, ಹಸಿವಾಗಿದೆ ಎಂದು ಹೇಳುವಷ್ಟು ಸರಳವಾಗಿ. ಮೌನೇಶ ಜೋರಾಗಿ ನಕ್ಕ. ಎಷ್ಟು ಜೋರಾಗಿ ಎಂದರೆ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿದರು. ಅದಾದರೂ ಕ್ಷಮಿಸುವಂಥದು, ಹೆದರಿದವನೂ ನಗುತ್ತಾನೆ. ಆದರೆ ಅದೇ ವಾರ ಮಿಲ್ಲಿನ ಗೇಟಿನ ಚಹಾದಂಗಡಿಯಲ್ಲಿ, ಇವತ್ತು ನಿನ್ನ ಹೇಣ್ತಿ ಬರಲಿಲ್ಲೇನೋ ಎಂದು ಯಾರೋ ಚೇಷ್ಟೆ ಮಾಡಿದಾಗ, ಮೌನೇಶ ಎದ್ದು ನಿಂತು ಸೊಂಟ ಕುಣಿಸುತ್ತ ತುಳಸಿರಾಮನ ನಡಿಗೆ ನಡೆದು ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಿರುಗಿದರೆ ಸೈಕಲ್ಲು ಹಿಡಿದುಕೊಂಡು ತುಳಸಿರಾಮ ನಿಂತಿದ್ದ. ಅವನೂ ನಗುತ್ತಿದ್ದ. ಎಲ್ಲರ ಜೊತೆ ತಾನೂ ನಗಬೇಕು ಎಂದು ತಿಳಿದು ನಗುತ್ತಿದ್ದ. ಮುಂದೆ ಗೋವಾದ ಕಡೆ ಹೋದನೆಂದು ಕೇಳಿದ್ದು. ಸೈಕಲ್ಲು ಇವನಿಗೇ ಉಳಿಯಿತು. ಮೌನೇಶ ಪೀಯುಸಿ ಪಾಸಾದ, ಕಾರಕೂನಿಕೆ ಸಿಗಲಿಲ್ಲ, ನಿರ್ಮಲಾ ಸಿಕ್ಕಳು. ಸುಹಾಸನ ದನಿ ಕೇಳಿದಾಗಲೆಲ್ಲ ಆ ದನಿಗೆ ಮೌನೇಶ ಹಚ್ಚುವ ಮುಖ ಸೈಕಲ್ಲು ಹಿಡಿದು ನಗುತ್ತ ನಿಂತ ಆ ತೆಳ್ಳಗಿನ, ಕರ್ರಗಿನ ಮುಖವೇ. ನಿಜವಾದ ಸುಹಾಸ ಬೇರೆಯೇ ಇರಬಹುದು, ಬೆಳ್ಳಗೆ, ದುಂಡಗೆ, ಮೀಸೆ ಬೋಳಿಸಿಕೊಂಡು. ಅದಕ್ಕೇ ನೋಡಲು ಭಯ.

ಬಾಗಿಲು ಕಿರುಗುಟ್ಟಿತು. ಮೌನೇಶ ನಿದ್ದೆಯಲ್ಲಿ ಹೊರಳಿದವನ ಹಾಗೆ ಈಚೆ ತಿರುಗಿ ಚಾದರದ ಸಂದಿಯಿಂದ ನೋಡಿದ. ಪರದೆಯಡಿ ಮೊದಲು ಬಂದದ್ದು ಸತ್ತೆವ್ವನ ಪಾದಗಳು, ಬೆರಳಿಗೆ ದಪ್ಪ ಕಾಲುಂಗುರ. ಬೆಳಗಾವಿ ಸೀಮೆಯಿಂದ ಗಂಡನ ನೌಕರಿಯ ಹಿಂದೆ ಬಂದು ಈ ಸಾಲಿನಲ್ಲಿ ಮುದುಕಿಯಾದವಳು. ಸಾಲಿನ ಹನ್ನೆರಡೂ ಮನೆಯ ನ್ಯಾಯ ಅವಳದೇ. ಮಲಗ್ಯಾರೇನು ಎಂದು ಪಿಸುಗುಟ್ಟಿದಳು, ಮಲಗ್ಯಾರ ಬರ್ರಿ ಎಂದು ನಿರ್ಮಲಾ ಮಾಮೂಲಿ ದನಿಯಲ್ಲಿ ಹೇಳಿದಳು. ಹಿಂದೆಯೇ ಮಾಲವ್ವ ಬಂದು ತನ್ನ ಯಾವತ್ತಿನ ಜಾಗದಲ್ಲಿ, ಪರದೆಗೆ ಬೆನ್ನು ತಾಗುವಂತೆ ಕೂತಳು. ಅವಳ ಎಲೆಯಡಿಕೆಯ ವಾಸನೆ ಸೀರೆಯನ್ನು ದಾಟಿ ಒಳಗೆ ಬಂತು. ಇನ್ನು ಕೆಲವೇ ಹೊತ್ತು ಎಂದುಕೊಂಡ ಮೌನೇಶ. ಅವನು ಹೇಳುತ್ತಾನೆ, ತಾನು ಕೇಳುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ, ರಾತ್ರಿ ಎದ್ದು ಹೋಗಿ ಹಾಳೆ ಆರಿಸುತ್ತೇನೆ. ಒಂದು ಮಾತನ್ನು ಒಬ್ಬ ಮನುಷ್ಯ ತನ್ನ ತಾಯಿಗೆ ಹೇಗೆ ಹೇಳುತ್ತಾನೆ ಎಂದು ತಿಳಿದರೆ ಸಾಕು. ಮೌನೇಶನ ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ಇನ್ನು ಹೇಳುವುದಕ್ಕೆ ಯಾರೂ ಇಲ್ಲವಾದ್ದರಿಂದಲೇ ಕೇಳುವ ಆಸೆ ಇಷ್ಟು ಬಲವಾಯಿತೋ ಏನೋ.

ಆಗ ಬಾಗಿಲಲ್ಲಿ ಹೊಸದೊಂದು ದನಿ, ನಿರ್ಮಲಾಬಾಯಿ ಮನಿ ಇದೇನಾ ಎಂದು ಕೇಳಿತು. ಧೂಳು ಹಿಡಿದ, ಬಿರಿದ, ಬರಿಯ ಪಾದಗಳು. ನಾ ಜೈರಾಮನ ಆಯಿ, ಚಂದ್ರಿಬಾಯಿ ಎಂದು ಆ ದನಿ ಪರಿಚಯ ಹೇಳಿಕೊಂಡಿತು. ಬೆಳಿಗ್ಗೆ ಹಳ್ಳಿ ಬಿಟ್ಟು, ಹಳಿಯಾಳದಲ್ಲಿ ಬಸ್ಸು ಬದಲಿಸಿ ಬಂದದ್ದು, ಮಗ ಮನೆಗೆ ಬಂದು ಹೇಳಿದಾಗಿನಿಂದ ಮನಸ್ಸು ನಿಲ್ಲಲಿಲ್ಲ ಎಂದಿತು. ಮೌನೇಶನ ಉಸಿರು ನಿಂತಿತು. ನಿದ್ದೆ ಹೋದವರ ಉಸಿರು ನಿಲ್ಲುವುದಿಲ್ಲ ಎಂದು ನೆನಪಾಗಿ ಮತ್ತೆ ಎಳೆದ, ಅದು ಗೊರಕೆಯಾಗಿ ಹೊರಬಿತ್ತು.

"ಹೊಟ್ಟಿ ನೋವು ಹೆಂಗೈತಿ ಪೋರಿ ಈಗ?" ಎಂದಳು ಚಂದ್ರಿಬಾಯಿ.

ಟಿ.ವಿ.ಯಲ್ಲಿ ಸಾಬೂನಿನ ಜಾಹೀರಾತು ಹಾಡುತ್ತಿತ್ತು. ಸತ್ತೆವ್ವ, ಯಾರ ಹೊಟ್ಟಿ ನೋವು, ಏನ್ ನಿರ್ಮಲಾ, ನಮಗ ಹೇಳೇ ಇಲ್ಲಲ್ಲ ಎಂದಳು. ಚಂದ್ರಿಬಾಯಿಗೆ ಉತ್ತರ ಬೇಕಿರಲಿಲ್ಲ. ಹೆಂಗಸಿನ ಹೊಟ್ಟೆ ನೋವು, ಗಂಡ ಹಗಲು ಮನೆಯಲ್ಲಿರಬೇಕು, ಲಗ್ನವಾಗಿ ಇಷ್ಟು ವರ್ಷ, ತೊಟ್ಟಿಲು ತೂಗಿಲ್ಲ: ಇಷ್ಟನ್ನು ಕೂಡಿಸಿದರೆ ಏನಾಗುತ್ತದೆಂದು ಅವಳಿಗೆ ಅವಳ ಹಳ್ಳಿಯಲ್ಲೇ ಗೊತ್ತಾಗಿತ್ತು. ಸೆರಗಿನ ಗಂಟು ಬಿಚ್ಚುವ ಸದ್ದು. ಕಾಡಿನ ಬೇರು, ಹಾಲಿನಾಗ ತೇಯ್ದು ಕುಡಿ, ಗರ್ಭದ ನೋವು ನಿಲ್ಲತೈತಿ, ದೇವರು ಕೊಟ್ಟರ ಮುಂದಿನ ವರ್ಷ ಇದ ಚಾಪಿ ಮ್ಯಾಲೆ ಕೂಸು ಆಡತೈತಿ ಎಂದು ಎಲ್ಲರ ಎದುರಿಗೆ, ಬಹಳ ಅಂತಃಕರಣದಿಂದ ಹೇಳಿದಳು. ಗಂಡಗೂ ಒಂದ್ ಚೂರು ಕೊಡು, ತಪ್ಪೇನಿಲ್ಲ ಎಂದು ಸೇರಿಸಿದಳು. ಸತ್ತೆವ್ವ ಲೊಚಗುಟ್ಟಿದಳು. ಆ ಲೊಚ್ ಎಂಬ ಒಂದು ಸದ್ದು ಸಾಲಿನ ಹನ್ನೆರಡು ಮನೆಗೆ ಸಂಜೆಯೊಳಗೆ ಹೋಗುತ್ತದೆ. ನಿರ್ಮಲಾ ಇಷ್ಟು ವರ್ಷ ಯಾರ ಸೀಮಂತಕ್ಕೂ ತಪ್ಪಿಸದೆ ಹೋಗಿ, ಯಾರ ಕೂಸನ್ನೂ ತಾನಾಗಿ ಎತ್ತಿಕೊಳ್ಳದೆ, ಯಾರ ಕಣ್ಣಿಗೂ ಬೀಳದ ಹಾಗೆ ಕಟ್ಟಿಕೊಂಡಿದ್ದ ಒಂದು ಸಣ್ಣ ಗೋಡೆಯನ್ನು ತಾನು ಮಿಲ್ಲಿನಲ್ಲಿ ನಿಂತು ಒಂದು ಮಾತಿನಲ್ಲಿ ಕೆಡವಿದೆ ಎಂದು ಮೌನೇಶನಿಗೆ ಹೊಳೆಯಿತು. ಎದ್ದು ಪರದೆ ಸರಿಸಿ, ನೋವು ಅವಳದಲ್ಲ, ನಾನೇ ಸುಳ್ಳು ಹೇಳಿದ್ದು ಎನ್ನಬೇಕು. ಎನ್ನಬೇಕು ಎಂದುಕೊಂಡು ಚಾದರದ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಅವಳು ಈಗ, ನನಗ ಯಾವ ನೋವೂ ಇಲ್ಲಲ್ಲ ಎಂದರೆ ಆಯಿತು. ಹಾಗಾದರೆ ಯಾಕೆ ಪಾಳಿ ಬದಲಿಸಿದ ಎಂದು ಸತ್ತೆವ್ವ ಕೇಳುತ್ತಾಳೆ, ಸತ್ತೆವ್ವ ಕೇಳದೆ ಬಿಡುವವಳಲ್ಲ.

"ಈಗ ಅಡ್ಡಿ ಇಲ್ರಿ ಆಯಿ," ಎಂದಳು ನಿರ್ಮಲಾ. "ಇವರು ಮನ್ಯಾಗ ಇದ್ರಲ್ಲ, ಅನುಕೂಲ ಆತು. ಕೂಡ್ರಿ, ಚಾ ಇಡತೇನಿ. ಎರಡೂವರಿದು ಸುರು ಆತು."

ದನಿಯಲ್ಲಿ ಒಂದು ನಡುಕವೂ ಇರಲಿಲ್ಲ. ಅದೇ ಮೌನೇಶನನ್ನು ಹೆಚ್ಚು ಹೆದರಿಸಿತು. ಕೊಳಲು ಸುರುವಾಯಿತು. ಧಾರಾವಾಹಿಯ ತಾಯಿ ದೇವರ ಮನೆಯಲ್ಲಿದ್ದಾಳೆಂದು ಗಂಟೆಯ ಸದ್ದಿನಿಂದ ತಿಳಿಯಿತು. ಹುಡುಗಿಯ ಕಡೆಯವರು ನಾಳೆ ಬರುತ್ತಾರೆ ಎಂದು ಅವಳು ಅನ್ನುತ್ತಿದ್ದಳು, ನಿನ್ನ ಅಪ್ಪನ ಮರ್ಯಾದೆ ಎನ್ನುತ್ತಿದ್ದಳು. ಬೆಂಗಳೂರಿನ ಕನ್ನಡ, ಅಂಚು ಮಡಿಸಿ ಇಸ್ತ್ರಿ ಮಾಡಿದ್ದು. ಅಂಥ ಕನ್ನಡದಲ್ಲಿ ಇಂಥ ವಿಷಯ ಹೇಳಬಹುದೇನೋ. ತನ್ನ ಆಡುಮಾತಿನಲ್ಲಿ ಇದಕ್ಕೆ ಬೈಗುಳ ಬಿಟ್ಟು ಬೇರೆ ಮಾತೇ ಮೌನೇಶನಿಗೆ ಗೊತ್ತಿರಲಿಲ್ಲ. ಕೊಳಲು ನಿಂತಿತು.

"ಅಮ್ಮಾ," ಎಂದ ಸುಹಾಸ. "ನಾನು ಮದುವೆ ಬೇಡ ಅಂತಿರೋದಕ್ಕೆ ಕಾರಣ ಹೇಳ್ತೀನಿ. ಪೂರ್ತಿ ಕೇಳು. ನನಗೆ..."

ಸೊಂಯ್ ಎಂದು ಟಿ.ವಿ. ಸುರಿಯತೊಡಗಿತು.

ಅಯ್ಯ ಎಂದರು ಎಲ್ಲರೂ. ಫ್ಯಾನು ತಿರುಗುತ್ತಲೇ ಇತ್ತು. ಕ್ವಾರ್ಟರ್ಸಿಗೆ ಮಿಲ್ಲಿನದೇ ಕರೆಂಟು, ಅದು ಹೋಗುವುದಿಲ್ಲ. ಆದರೆ ಕೇಬಲ್ಲಿನ ಶಿವಲಿಂಗಪ್ಪನ ಅಂಗಡಿ ಪೇಟೆಯಲ್ಲಿ, ಪೇಟೆಯ ಕರೆಂಟು ಹೋದರೆ ಅವನ ಕೇಬಲ್ಲು ಸತ್ತಂತೆ. ಟಿ.ವಿ. ಜೀವಂತವಿದ್ದು ಮಾತು ಮಾತ್ರ ಹೋಗುವುದು ಈ ಸಾಲಿನವರಿಗೆ ರೂಢಿಯಾಗಿತ್ತು. ಸತ್ತೆವ್ವ ಶಿವಲಿಂಗಪ್ಪನ ವಂಶವನ್ನು ಎರಡು ತಲೆಮಾರು ಬೈದಳು. ಬರತೈತಿ ತಡೀರಿ ಎಂದು ನಿರ್ಮಲಾ ಟಿ.ವಿ. ಆರಿಸದೆ ಹಾಗೆಯೇ ಬಿಟ್ಟಳು. ಆ ಸೊಂಯ್ ಸದ್ದಿನಲ್ಲಿ ಹೆಂಗಸರು, ಅವನು ಏನು ಹೇಳುತ್ತಿದ್ದ ಎಂದು ಚರ್ಚೆಗಿಳಿದರು. ಚಂದ್ರಿಬಾಯಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ, ಬೇರೆ ಜಾತಿಯ ಪೋರಿ ಇರಬೇಕು ಎಂದಳು. ಜಾತಿ ಅಲ್ಲಾ ಆಯಿ, ಅಂವಗ ಪೋರಿನ ಬ್ಯಾಡ ಎಂದು ಸತ್ತೆವ್ವ ನಕ್ಕಳು. ಅದು ಒಂದು ನಮೂನಿ ರೋಗ. ಅವಳ ತವರಿನ ಕಡೆ ಒಬ್ಬನಿದ್ದ, ಹಿಡಿದು ಲಗ್ನ ಮಾಡಿದರು, ಈಗ ಮೂರು ಮಕ್ಕಳು, ಅಂಗಡಿ ಇಟ್ಟಿದ್ದಾನೆ.

"ಹಂತಾವಗ ಒಂದು ಹುಡುಗಿ ಗಂಟ ಹಾಕಿದ್ರ ಎಲ್ಲಾ ಸರಿ ಆಕ್ಕೈತಿ," ಎಂದಳು.

"ಗಂಟ ಹಾಕಿಸಿಕೊಂಡಾಕಿ ಏನ್ ಮಾಡಬೇಕ್ರಿ, ಸತ್ತೆವ್ವಾರ?"

ಕೇಳಿದವಳು ನಿರ್ಮಲಾ. ಜಗಳದ ದನಿಯಲ್ಲಿ ಅಲ್ಲ. ಅಡುಗೆಗೆ ಎಷ್ಟು ಉಪ್ಪು ಹಾಕಬೇಕೆಂದು ಕೇಳುವ ಹಾಗೆ, ನಿಜವಾಗಿಯೂ ತಿಳಿಯಬೇಕಾಗಿದ್ದವಳ ಹಾಗೆ ಕೇಳಿದಳು. ಸತ್ತೆವ್ವ ಮತ್ತೆ ಶಿವಲಿಂಗಪ್ಪನನ್ನು ಬೈಯತೊಡಗಿದಳು. ಕೇಳಿದ್ದಕ್ಕೆ ನ್ಯಾಯ ಹೇಳದೆ ಅವಳು ಬೇರೆ ಮಾತು ತೆಗೆದದ್ದು ಮೌನೇಶನಿಗೆ ನೆನಪಿದ್ದ ಮಟ್ಟಿಗೆ ಇದೇ ಮೊದಲು. ಟಿ.ವಿ. ಸುರಿಯುತ್ತಲೇ ಇತ್ತು, ಸೂಪಾ ಡ್ಯಾಮಿನಿಂದ ಬಿಟ್ಟ ಕಾಳಿ ಹೊಳೆಯ ನೀರಿನ ಹಾಗೆ. ಎಲ್ಲರೂ ಆ ಬಿಳಿ ಚುಕ್ಕಿಗಳನ್ನು ನೋಡುತ್ತ ಕೂತಿರಬೇಕು. ನನಗೆ ಎಂದು ನಿಲ್ಲಿಸಿದ ಆ ಮನುಷ್ಯ ಅಲ್ಲೇ, ದೇವರ ಮನೆಯ ಹೊಸ್ತಿಲಲ್ಲಿ, ಅರ್ಧ ಬಾಯಿ ತೆರೆದುಕೊಂಡು ನಿಂತಿದ್ದಾನೆ ಎಂದು ಮೌನೇಶನಿಗೆ ಅನ್ನಿಸಿತು. ಅವನು ಹೇಳಿಯಾಗಿರಬಹುದು, ಹುಬ್ಬಳ್ಳಿಯವರು ಕೇಳಿಯಾಗಿರಬಹುದು, ಮುಂಡಗೋಡಿನವರು ಕೇಳಿಯಾಗಿರಬಹುದು. ಆದರೆ ಇಲ್ಲಿ, ಈ ಖೋಲಿಯಲ್ಲಿ, ಅವನ ಬಾಯಿ ತೆರೆದೇ ಇದೆ. ಆ ಮಾತನ್ನು ಯಾರಾದರೂ ಮುಗಿಸಬೇಕು. ಮೌನೇಶನ ತುಟಿಗಳು ಅಲುಗಿದವು. ಇಷ್ಟು ವರ್ಷ ಸೈಕಲ್ಲು ತುಳಿಯುವಾಗ, ಹಾಳೆ ಆರಿಸುವಾಗ, ಮಲಗಿದವಳ ಬೆನ್ನು ನೋಡುತ್ತ ಕೂತಾಗ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತು. ಅವ್ವಾ, ನನ್ನ ಮನಸ ಹೆಣ್ಣಿನ ಮ್ಯಾಲೆ ಹೋಗೂದಿಲ್ಲ. ಗಂಡಸಿನ ಮ್ಯಾಲೆ ಹೋಗತೈತಿ. ನಾ ಬೇಕಂತ ಮಾಡಿದ್ದಲ್ಲ. ಇಷ್ಟೇ. ಬೈಗುಳ ಒಂದೂ ಇಲ್ಲದೆ, ಬೆಂಗಳೂರಿನ ಮಾತು ಒಂದೂ ಇಲ್ಲದೆ, ಹೇಳಿ ಮುಗಿಯಿತು. ಹೇಳಿದೆನೋ ಅಥವಾ ಅಂದುಕೊಂಡೆನೋ ಎಂದು ಅವನಿಗೆ ತಿಳಿಯಲಿಲ್ಲ. ಚಾದರದ ಒಳಭಾಗ ಬಾಯಿಯ ಹತ್ತಿರ ಒದ್ದೆಯಾಗಿತ್ತು. ಪರದೆಗೆ ತಾಗಿದ್ದ ಮಾಲವ್ವನ ಬೆನ್ನು, ಎಲೆ ಅಗಿಯುತ್ತ ಮೆಲ್ಲಗೆ ಅಲುಗುತ್ತಿದ್ದದ್ದು, ನಿಂತಿತ್ತು.

ಕೇಬಲ್ಲು ಬಂದಾಗ ಎರಡೂವರಿದು ಮುಗಿದು ಮೂರರದು ಸುರುವಾಗಿತ್ತು. ಹೆಂಗಸರು ಎದ್ದರು. ಚಂದ್ರಿಬಾಯಿಗೆ ಬಸ್ಸಿನ ಚಿಂತೆ. ಸತ್ತೆವ್ವ ಅವಳನ್ನು ಬಸ್‌ಸ್ಟ್ಯಾಂಡಿನ ದಾರಿಗೆ ಹಚ್ಚಿ ಬರುತ್ತೇನೆಂದು ಹೊರಟಳು, ದಾರಿಯಲ್ಲಿ ಹೊಟ್ಟೆ ನೋವಿನ ಪೂರ್ತಿ ವಿವರ ತಿಳಿಯಬೇಕಿತ್ತು. ನಿರ್ಮಲಾ ಬಾಗಿಲ ತನಕ ಹೋದಳು. ಮಾಲವ್ವ ಏಳುವುದಕ್ಕೆ ಯಾವಾಗಲೂ ತಡ. ಒಂದು ಕೈ ನೆಲಕ್ಕೂರಿ, ಒಂದು ಕೈಯಲ್ಲಿ ಪರದೆ ಹಿಡಿದು ಎದ್ದಳು. ಎದ್ದವಳು ಹೋಗಲಿಲ್ಲ. ಸೀರೆಯ ಈಚೆ ಅವನ ಹೆಗಲು ಇರುವ ಕಡೆ ಬಗ್ಗಿ, ಹಿಟ್ಟು ಜರಡಿ ಹಿಡಿಯುವಷ್ಟು ಸಣ್ಣ ದನಿಯಲ್ಲಿ ಅಂದಳು:

"ಮಲಕೋ ಯಪ್ಪಾ. ನಾ ಕಿವುಡಿ."

ಅವಳ ಪಾದಗಳು ಎಳೆದುಕೊಂಡು ಹೊರಟುಹೋದವು. ಬಾಗಿಲಲ್ಲಿ ನಿರ್ಮಲಾ ಪಿಸುದನಿಯಲ್ಲಿ ಏನೋ ಕೇಳಿದಳು, ಮೌನೇಶನಿಗೆ ಕೂಡ ಕೇಳಿಸದಷ್ಟು ಪಿಸುದನಿ. ಮಾಲವ್ವ ತಟ್ಟನೆ ಅದಕ್ಕೆ, ನಾಳೆ ಬರತೇನಿ ತಗೋ ಎಂದು ಉತ್ತರ ಕೊಟ್ಟಳು. ಮೌನೇಶ ಚಾದರದೊಳಗೆ ಕಣ್ಣು ತೆರೆದ. ಮಾಲವ್ವನಿಗೆ ಕಿವಿ ಕೇಳಿಸುತ್ತದೆ. ಹಾಗಾದರೆ ತನ್ನ ಮಾತು ಹೊರಗೆ ಬಿದ್ದಿತ್ತು. ಅದರ ಹಿಂದೆಯೇ, ನಿಧಾನವಾಗಿ, ಕತ್ತಲೆಯ ಮನೆಯೊಳಗೆ ಕಣ್ಣು ಹೊಂದಿಕೊಂಡ ಹಾಗೆ ಇನ್ನೊಂದು ಸಂಗತಿ ಕಾಣತೊಡಗಿತು. ಮಾಲವ್ವನಿಗೆ ಕೇಳಿಸುತ್ತದೆ ಎಂದಮೇಲೆ, ಇಷ್ಟು ದಿನ ಟಿ.ವಿ.ಯ ದನಿ ಏರಿಸುತ್ತಿದ್ದದ್ದು ಯಾರಿಗಾಗಿ?

ಐದರ ಹೊತ್ತಿಗೆ ಇನ್ನು ಮಲಗಿರುವುದು ಸಾಧ್ಯವಾಗದೆ ಎದ್ದ. ಮೋರಿಯ ಹತ್ತಿರ ಮುಖ ತೊಳೆದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದ. ಒಳಗೆ ನಿರ್ಮಲಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ರಾತ್ರಿಯ ಡಬ್ಬಿಗೆ. ಅಟ್ಟಣಿಗೆಯ ಮೇಲೆ, ಹಾಲಿನ ಪಾತ್ರೆಯ ಪಕ್ಕ, ಚಂದ್ರಿಬಾಯಿಯ ಬೇರು ಇತ್ತು. ಒಣಗಿದ ಬೆರಳಿನಂಥದು. ಅವನು ಅದನ್ನು ನೋಡಿದ್ದನ್ನು ಅವಳು ನೋಡಿದಳು. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ, ಲಯವೂ ತಪ್ಪಲಿಲ್ಲ. ಏನಾದರೂ ಅನ್ನಬೇಕು. ತಪ್ಪಾಯಿತು ಅನ್ನಬಹುದು; ಆದರೆ ಯಾವ ತಪ್ಪು ಎಂದು ಅವಳು ಕೇಳಿದರೆ ಎಲ್ಲಿಂದ ಸುರು ಮಾಡುವುದು? ಹೊಟ್ಟೆ ನೋವಿನಿಂದಲೋ, ಲಗ್ನದಿಂದಲೋ, ಮೌಳಂಗಿಯ ಬಂಡೆಯಿಂದಲೋ?

"ನೀ ಯಾಕ ಜೈರಾಮನ ಆಯಿ ಮುಂದ ಸುಳ್ಳು ಹೇಳಿದಿ?" ಎಂದ. ಕೇಳಿದ ಮೇಲೆ, ತಾನೇ ಕೇಳಬೇಕಾದವನ ಹಾಗೆ ಕೇಳಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡ.

"ಸುಳ್ಳಂತ ಯಾರು ಹೇಳಿದ್ರು?" ನಿರ್ಮಲಾ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು. "ನನಗ ನೋವು ಇಲ್ಲಂತ ತಿಳಿದ್ರೇನು ನೀವು? ನೀವು ಮಿಲ್ಲಿನ್ಯಾಗ ಹೇಳಿದ್ರಲ್ಲ, ಇಷ್ಟು ವರ್ಷದಾಗ ನನ್ನ ಬಗ್ಗೆ ನೀವು ಅಂದದ್ದರಾಗ ಅದೊಂದ ಖರೇ."

ಅವನು ಒದ್ದೆ ಮುಖದಲ್ಲೇ ನಿಂತಿದ್ದ. ನೀರು ಗದ್ದದಿಂದ ಎದೆಗೆ ಇಳಿಯುತ್ತಿತ್ತು. ಅವಳು ಟಾವೆಲ್ಲಿನ ಕಡೆ ಕೈ ತೋರಿಸಲಿಲ್ಲ. ಯಾವತ್ತೂ ತೋರಿಸುತ್ತಿದ್ದವಳು. ರೊಟ್ಟಿ ಉಬ್ಬಿತು, ಅದನ್ನು ತಿರುವಿದಳು, ಇಳಿಸಿದಳು, ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ಅದನ್ನು ಬಡಿಯದೆ ಅಂಗೈಯಲ್ಲಿ ಸುಮ್ಮನೆ ತಿರುವುತ್ತ ಕೂತಳು. ಅವನ ಕಡೆ ನೋಡದೆ, ಸೋಮವಾರದಿಂದ ಎರಡನೇ ಪಾಳಿ ಅಲ್ಲೇನು ನಿಮ್ಮದು ಎಂದು ಕೇಳಿದಳು. ಹೌದು, ಬರುವ ವಾರ ತನ್ನ ಪಾಲಿಗೆ ಬಂದ ರಾತ್ರಿ ಪಾಳಿಯನ್ನು ಜೈರಾಮನಿಗೆ ಹೊಳ್ಳಿ ಕೊಟ್ಟು, ಅವನು ತನಗಾಗಿ ಮಾಡಿದ ಎರಡನೆಯದನ್ನು ತೀರಿಸಬೇಕಿತ್ತು.

"ಹಂಗಾದ್ರ ನಿಮಗ ಕೇಳಾಕ ಆಗೂದಿಲ್ಲ," ಎಂದಳು. ನೋಡಲು ಎಂದಲ್ಲ, ಕೇಳಲು ಎಂದೇ ಅಂದಳು. ಹಿಟ್ಟಿನ ಉಂಡೆಯಲ್ಲಿ ಹೆಬ್ಬೆರಳು ಊರಿ ಒಂದು ಗುಳಿ ಮಾಡಿದಳು, ಮತ್ತೆ ಮುಚ್ಚಿದಳು. "ಅವರವ್ವ ಏನಂದಳು, ಅಂವ ಏನಾದ, ನಾ ನೋಡಿ ಹೇಳತೇನಿ. ಅಂವನ್ನ ಸಾಯಿಸ್ತಾರಂತ ಸತ್ತೆವ್ವ ಅಂತಾಳ. ಹಂತಾವರನ್ನ ಕಥಿಯಾಗ ಭಾಳ ದಿನಾ ಇಡೂದಿಲ್ಲಂತ. ಸಾಯಿಸಿದ್ರೂ ಹೇಳತೇನಿ. ಏನೂ ಬಿಡೂದಿಲ್ಲ."

ಮೌನೇಶ ಒಲೆಯ ಮುಂದೆ, ಅವಳಿಂದ ಒಂದು ಮಾರು ದೂರ, ನೆಲದ ಮೇಲೆ ಕೂತ. ಹಾಗೆ ಅಡುಗೆಯ ಹೊತ್ತಿನಲ್ಲಿ ಅವಳೆದುರು ಎಂದೂ ಕೂತವನಲ್ಲ. ಹಂಚು ಹೊಗೆಯಾಡುತ್ತಿತ್ತು. ಇಬ್ಬರೂ ಅದನ್ನು ಇಳಿಸಲಿಲ್ಲ. ಪರದೆಯ ಅಂಚು ಗಾಳಿಗೆ ಒಮ್ಮೆ ಉಬ್ಬಿ ಬಿತ್ತು. ಬಾಯಿ ತೆರೆದ. ತಪ್ಪಾಯಿತು ಎಂಬ ಮಾತು ಬರುತ್ತದೆ ಎಂದುಕೊಂಡ. ಬಂದದ್ದು ಬೇರೆ, ತನಗೂ ಗುರುತು ಸಿಗದ ಒಂದು ಸಣ್ಣ ದನಿಯಲ್ಲಿ.

"ಅಂವ," ಎಂದ ಮೌನೇಶ, "ನೋಡಾಕ ಹೆಂಗದಾನ?"

ನಿರ್ಮಲಾ ಹಿಟ್ಟಿನ ಉಂಡೆಯನ್ನು ಕಲಸುವ ಪರಾತದಲ್ಲಿ ಇಟ್ಟಳು. ಸೆರಗಿಗೆ ಒಂದೊಂದೇ ಬೆರಳು ಒರೆಸಿಕೊಂಡಳು. ಆಮೇಲೆ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿ, "ಕರ್ರಗದಾನ," ಎಂದಳು. "ತೆಳ್ಳಗ. ನಗೂದು ಕಡಿಮಿ."